ಒಂದು ಹಾಡಿಗೆ ನಾಲ್ಕು ಫ್ಲಾಪಿ: ಡಯಲ್‌ಅಪ್ ಕಾಲದ ಪ್ರೇಮಕಥೆ ಬರೆಯುವುದು ಹೇಗೆ

ಮಲ್ಲೇಶ್ವರದಲ್ಲಿ ನನ್ನ ಸೋದರಮಾವನ ಅಂಗಡಿ ಇತ್ತು. ಮೊದಲು ಬರೀ ಎಸ್‌ಟಿಡಿ ಬೂತ್. ಆಮೇಲೆ ಅದರ ಪಕ್ಕದಲ್ಲೇ ಕ್ಯಾಸೆಟ್ ರೆಕಾರ್ಡಿಂಗ್. 1999ರಲ್ಲಿ ಎಸ್.ಪಿ. ರೋಡಿನಲ್ಲಿ ನಾಲ್ಕು ಕಂಪ್ಯೂಟರ್ ಜೋಡಿಸಿಕೊಂಡು ಬಂದು ‘ಸೈಬರ್ ಕೆಫೆ’ ಅಂತ ಬೋರ್ಡು ಹಾಕಿದರು. ನಾನಾಗ ಪಿಯುಸಿ. ಸಂಜೆ ಐದರಿಂದ ಎಂಟರವರೆಗೆ ಕೌಂಟರಿನಲ್ಲಿ ಕೂರುತ್ತಿದ್ದೆ. ರಿಜಿಸ್ಟರಿನಲ್ಲಿ ಬಂದ ಟೈಮು, ಹೋದ ಟೈಮು ಬರೆಯಬೇಕು. ದುಡ್ಡು ತೆಗೆದುಕೊಳ್ಳಬೇಕು. ಕಂಬೈನ್ಡ್ ಸ್ಟಡಿ ಅಂತ ಒಂದೇ ಕುರ್ಚಿಯಲ್ಲಿ ಇಬ್ಬರು ಕೂತರೆ ಕೆಮ್ಮಬೇಕು. ಇಷ್ಟೇ ಕೆಲಸ.

ಆ ಕಾಲದ ಪ್ರೀತಿ, ಹಾಡು, ಇಂಟರ್ನೆಟ್ ಇಟ್ಟುಕೊಂಡು ಕಾದಂಬರಿ ಬರೆಯುವ ಆಸೆ ನಿಮಗೂ ಇರಬಹುದು. ನಾನು ಬರೆದೆ. ಮೊದಲ ಸಲ ಬರೆದ 200 ಪುಟ ಪೂರ್ತಿ ದಂಡ. ಅದು ಕಥೆಯಲ್ಲ, ಮನೆ ಖಾಲಿ ಮಾಡುವಾಗ ಬರೆಯುವ ಸಾಮಾನಿನ ಪಟ್ಟಿ. ವಾಕ್‌ಮನ್ ಇತ್ತು, ಫೋನ್ ಲೈನಿನಲ್ಲಿ ಇಂಟರ್ನೆಟ್ ತರುವ ಮೋಡೆಮ್ ಕಿರುಚುವ ಸದ್ದು ಇತ್ತು, ಪೆನ್ಸಿಲ್ ತೂರಿಸಿ ಕ್ಯಾಸೆಟ್ ಸುತ್ತುವುದು ಎರಡು ಕಡೆ ಇತ್ತು. ಓದಿದವರು ‘ಹೌದಲ್ವಾ, ಹಿಂಗೇ ಇತ್ತು’ ಅಂದರು. ಆಮೇಲೆ ಹತ್ತನೇ ಪುಟಕ್ಕೆ ಫೋನು ಕೈಗೆತ್ತಿಕೊಂಡರು. ಎರಡನೇ ಸಲ ಬರೆಯುವಾಗ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಅಂದಹಾಗೆ, ನನ್ನ ಕಥೆಯ ಹುಡುಗಿ ನಾನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಿ. ‘ಆ ಕಾಲ’ ಅಂತ ಒಂದೇ ಕಾಲ ಇಲ್ಲ. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ಕ್ಕೆ. ಮರುವರ್ಷ ಬ್ರಿಗೇಡ್ ರೋಡಿನಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆಗೆದಿದ್ದು ಕಾಫಿ ಜೊತೆ ಇಂಟರ್ನೆಟ್ ಕೊಡುವ ಜಾಗವಾಗಿ. ಅಲ್ಲಿಗೆ ಹೋಗುವ ಹುಡುಗ ಬೇರೆ, ಮೂರು ವರ್ಷ ಆದಮೇಲೆ ನಮ್ಮ ಮಾವನ ಅಂಗಡಿಗೆ ಬರುವ ಹುಡುಗ ಬೇರೆ. ಜನ ಹಾಡಿನ ಫೈಲುಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಿದ್ದ ನಾಪ್‌ಸ್ಟರ್‌ನ ಆಯಸ್ಸು 1999ರ ಜೂನ್‌ನಿಂದ 2001ರ ಜುಲೈವರೆಗೆ, ಅಷ್ಟೇ. ಅದು ಮುಚ್ಚಿದ ತಿಂಗಳೇ ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಶುರುವಾಯಿತು. ಅದಕ್ಕೂ ಮುಂಚೆ ನಿಮ್ಮ ನಾಯಕಿ ಖಾಸಗಿ ಎಫ್‌ಎಂನಲ್ಲಿ ಹರಟೆ ಕೇಳುವಂತಿಲ್ಲ, ಆಕಾಶವಾಣಿಯೇ ಗತಿ. 2003ರ ಮೇವರೆಗೆ ಮೊಬೈಲಿಗೆ ಕರೆ ಬಂದರೂ ತೆಗೆದವರೇ ದುಡ್ಡು ಕೊಡಬೇಕಿತ್ತು. ಹಾಗಾಗಿ ಫೋನು ರಿಂಗಾಗಿಸಿ ಕಟ್ ಮಾಡುವುದೇ ಒಂದು ಭಾಷೆ. ಫೇಸ್‌ಬುಕ್ಕಿನಂಥ ಆರ್ಕುಟ್ 2004ರ ಜನವರಿಯಲ್ಲಿ ಬಂತು. ಹುಡುಗನನ್ನು ಅಮೆರಿಕಕ್ಕೆ ಕಳಿಸುವ ದೃಶ್ಯವನ್ನು ದೇವನಹಳ್ಳಿಯಲ್ಲಿ ಇಟ್ಟಿದ್ದರೆ ಕಿತ್ತುಹಾಕಿ, 2008ರ ಮೇವರೆಗೆ ವಿಮಾನ ಹತ್ತುತ್ತಿದ್ದದ್ದು ಹಳೇ ಎಚ್‌ಎಎಲ್ ನಿಲ್ದಾಣದಲ್ಲಿ. ಸಂಪಿಗೆ ರೋಡಿನಲ್ಲಿ ಮಾಲ್ ಇಲ್ಲ, ಮೆಟ್ರೋ ಇಲ್ಲ.

ನಾನು 2000ನೇ ಇಸವಿ ಆರಿಸಿಕೊಂಡೆ. ಆರಿಸಿಕೊಂಡ ಮೇಲೆ ಗೊತ್ತಾಯಿತು, ಆ ವರ್ಷದ 108 ದಿನಗಳಿಂದ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ. ಜುಲೈ 30ರ ರಾತ್ರಿಯಿಂದ ನವೆಂಬರ್ 15ರವರೆಗೆ ಅಣ್ಣಾವ್ರು ವೀರಪ್ಪನ್ ಕೈಯಲ್ಲಿ, ಕಾಡಿನಲ್ಲಿದ್ದರು. ಬೆಂಗಳೂರಿನಲ್ಲಿ ಪ್ರೀತಿ ಮಾಡುವ ಇಬ್ಬರಿಗೆ ಅದು ಪೇಪರಿನ ಸುದ್ದಿ ಮಾತ್ರ ಅಂತ ಬರೆದರೆ ಸುಳ್ಳಾಗುತ್ತದೆ. ಜುಲೈ 30 ಭಾನುವಾರ. ನನ್ನ ಕಥೆಯ ಇಬ್ಬರೂ ಮೊದಲ ಸಲ ಮುಖ ನೋಡಲು ಗೊತ್ತು ಮಾಡಿಕೊಂಡಿದ್ದದ್ದು ಸೋಮವಾರ ಸಂಜೆಗೆ, ಕಾಡು ಮಲ್ಲೇಶ್ವರ ದೇವಸ್ಥಾನದ ಮೆಟ್ಟಿಲ ಹತ್ತಿರ. ಸೋಮವಾರ ಊರಿನ ಶಟರು ಇಳಿಯಿತು. ಒಬ್ಬರ ಮನೆ ನಂಬರು ಇನ್ನೊಬ್ಬರಿಗೆ ಗೊತ್ತಿಲ್ಲ. ಕೆಫೆ ಮುಚ್ಚಿದೆ. ‘ಬರಲ್ಲ’ ಅಂತ ತಿಳಿಸಲು ದಾರಿಯೇ ಇಲ್ಲ. ಇಂಥ ತಿರುವನ್ನು ನಾನು ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ, ಕ್ಯಾಲೆಂಡರ್ ಕೊಟ್ಟಿತು. ನಿಮ್ಮ ಇಸವಿಯ ಕ್ಯಾಲೆಂಡರನ್ನೂ ಗೋಡೆಗೆ ಹಾಕಿಕೊಳ್ಳಿ.

ಎರಡನೆಯದು ಲೆಕ್ಕ. ನನ್ನ ಪ್ರಕಾರ ಇದೇ ಮುಖ್ಯ. ಒಂದು ನೋಟ್‌ಬುಕ್ಕು ತೆಗೆದುಕೊಂಡು ಕಥೆಯಲ್ಲಿ ಬರುವ ಪ್ರತಿ ವಸ್ತುವಿನ ಎದುರು ಬರೆಯಿರಿ: ಇದಕ್ಕೆ ಎಷ್ಟು ದುಡ್ಡು ಆಯಿತು, ಎಷ್ಟು ಹೊತ್ತು ಹಿಡಿಯಿತು, ಯಾರ ಹತ್ತಿರ ಸುಳ್ಳು ಹೇಳಬೇಕಾಯಿತು. ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ವಸ್ತು ಸುಮ್ನೆ ಅಲಂಕಾರ, ತೆಗೆದುಹಾಕಿ.

ಒಂದು ಹಾಡು ತೆಗೆದುಕೊಳ್ಳಿ. ಐದು ನಿಮಿಷದ ಹಾಡು 128 ಕೆಬಿಪಿಎಸ್ ಎಂಪಿ3 ಆದರೆ ಹತ್ತಿರ ಹತ್ತಿರ 4.8 ಎಂಬಿ. ಮೋಡೆಮ್ ಮೇಲೆ 56ಕೆ ಅಂತ ಬರೆದಿದ್ದರೂ ಸೆಕೆಂಡಿಗೆ 4 ಕೆಬಿ ಬಂದರೆ ಪುಣ್ಯ. ಅಂದರೆ 20 ನಿಮಿಷ. ನಾಲ್ಕೂ ಮೆಷಿನ್ ಒಂದೇ ಲೈನಿನಲ್ಲಿ ಓಡುತ್ತಿದ್ದರೆ ಒಂದು ಗಂಟೆ ದಾಟುತ್ತಿತ್ತು. ನಮ್ಮಲ್ಲಿ ಆಗ ಗಂಟೆಗೆ 30 ರೂಪಾಯಿ. ಆ ದುಡ್ಡಿಗೆ ಕ್ಯಾಸೆಟ್ಟೇ ಬರುತ್ತಿತ್ತಲ್ಲ ಅಂತ ಮಾವ ಗೊಣಗುತ್ತಿದ್ದರು. ಅವರಿಗೆ ಅರ್ಥವಾಗದ್ದು ಅಲ್ಲೇ.

ಈಗ ಹಾಡು ಇಳಿಯಿತು. ಅವಳಿಗೆ ಕೊಡುವುದು ಹೇಗೆ? ಫ್ಲಾಪಿ ಅಂದರೆ ಫೈಲು ಸಾಗಿಸುವ ಚಪ್ಪಟೆ ಡಿಸ್ಕು, ಒಂದರಲ್ಲಿ ಹಿಡಿಯುವುದು 1.44 ಎಂಬಿ. ಹಾಡನ್ನು ತುಂಡು ಮಾಡಿ ನಾಲ್ಕು ಫ್ಲಾಪಿಗೆ ಹಾಕಬೇಕು. ನಾಲ್ಕೂ ಸರಿ ಇದ್ದರೆ ಮಾತ್ರ ಹಾಡು ಮತ್ತೆ ಕೂಡುತ್ತದೆ. ನನ್ನ ಕಥೆಯಲ್ಲಿ ಮೂರನೇ ಫ್ಲಾಪಿ ಕೆಟ್ಟುಹೋಗುತ್ತದೆ. ಅವಳ ಹತ್ತಿರ ಮೂರು ಫ್ಲಾಪಿಯಷ್ಟು ಹಾಡಿದೆ, ಒಂದು ಸಾಲೂ ಕೇಳಿಸುವುದಿಲ್ಲ. ಇನ್ನೊಂದು ಸಲ ಕೇಳಲು ಸಂಕೋಚ. ಅವಳು ‘ತುಂಬಾ ಚೆನ್ನಾಗಿತ್ತು’ ಅಂದುಬಿಡುತ್ತಾಳೆ. ಅಲ್ಲಿಂದ ಆರು ಅಧ್ಯಾಯ ಎಳೆದಿದ್ದೇನೆ.

ಕ್ಯಾಸೆಟ್ಟಿಗೂ ಇದೇ ಲೆಕ್ಕ. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಸೈಡಿಗೆ 30 ನಿಮಿಷ, ಆರು ಹಾಡು. ಜನ ಹಾಳೆಯಲ್ಲಿ ಪಟ್ಟಿ ಬರೆದು ತಂದುಕೊಡುತ್ತಿದ್ದರು, ಮಾವ ರೆಕಾರ್ಡ್ ಮಾಡಿಕೊಡುತ್ತಿದ್ದರು. (ಕಾನೂನಿಗೆ ಅದು ಸರಿಯಿರಲಿಲ್ಲ. ಆಗ ಯಾರೂ ಕೇಳಲಿಲ್ಲ.) ಪಟ್ಟಿ ನೋಡಿದರೆ ಸಾಕು, ತನಗೋ, ಇನ್ನೊಬ್ಬರಿಗೋ ಹೇಳಿಬಿಡಬಹುದಿತ್ತು. ತನಗಾದರೆ ಸಿಕ್ಕಿದ ಕಡೆ ಸಿಕ್ಕಿದ ಹಾಡು. ಇನ್ನೊಬ್ಬರಿಗಾದರೆ ಕ್ರಮಸಂಖ್ಯೆ ಹಾಕಿ, ಎರಡು ಸಲ ಹೊಡೆದುಹಾಕಿ ಮತ್ತೆ ಬರೆದು, ಬಿ ಸೈಡಿನ ಮೊದಲ ಹಾಡಿಗೆ ಕೆಳಗೊಂದು ಗೆರೆ. ಪೆನ್ಸಿಲ್ ಬಿಟ್ಟುಬಿಡಿ, ಅದನ್ನು ಎಲ್ಲರೂ ಬರೆದಾಗಿದೆ. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡು ಇರುತ್ತಿತ್ತಲ್ಲ, ಅದನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುತ್ತಿರಲಿಲ್ಲ. ಮುರಿದ ತೂತಿಗೆ ಸೆಲೋಟೇಪ್ ಅಂಟಿಸಿದರೆ ಮತ್ತೆ ಆಗುತ್ತಿತ್ತು. ಕೊಟ್ಟವನು ಮುರಿದುಕೊಟ್ಟನೋ ಹಾಗೇ ಕೊಟ್ಟನೋ, ಮದುವೆ ಗೊತ್ತಾದ ಮೇಲೆ ಅವಳು ಸೆಲೋಟೇಪ್ ಅಂಟಿಸಿದಳೋ ಇಲ್ಲವೋ. ಬರೆಯಬೇಕಾದ್ದು ಇದು.

ಇನ್ನು ಮಾತು. ಇಲ್ಲಿ ಕನ್ನಡದ ಲೇಖಕರಿಗೆ ಒಂದು ಭಾಗ್ಯ ಇದೆ, ಜಾಸ್ತಿ ಜನ ಬಳಸುವುದಿಲ್ಲ. ಚಾಟ್‌ನಲ್ಲಿ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆವು. ಅದರಲ್ಲಿ ಲ, ಳ ಎರಡೂ ಒಂದೇ. ‘ನಿನಗೆ ಬಳೆ ತಂದಿದ್ದೀನಿ’ ಅಂತ ಅವನು ಬರೆದರೆ ‘ಬಲೆ’ ಅಂತ ಓದಿಕೊಂಡು ಅವಳು ನಗಬಹುದು, ಹೆದರಲೂಬಹುದು. ಸರಿಯಾದ ಕನ್ನಡದಲ್ಲೇ ಬರೆಯುತ್ತೇನೆ ಅಂತ ಹಟ ಹಿಡಿದವರಿಗೆ 1998ರಿಂದ ಬರಹ ತಂತ್ರಾಂಶ ಇತ್ತು. ಆದರೆ ಎರಡೂ ಕಡೆ ಅದೇ ಫಾಂಟ್ ಇರಬೇಕು. ಇಲ್ಲದಿದ್ದರೆ ಎರಡು ಪುಟದ ಪ್ರೇಮಪತ್ರ ಅವಳ ಪರದೆಯಲ್ಲಿ ಪೌಂಡ್ ಗುರುತು, ಟೋಪಿ ಹಾಕಿದ ಎ ಅಕ್ಷರಗಳ ರಾಶಿ. ನಮ್ಮ ಅಂಗಡಿಯಲ್ಲಿ ಒಬ್ಬಳು ಅಂಥ ರಾಶಿಯನ್ನೇ ಪ್ರಿಂಟ್ ಹಾಕಿಸಿಕೊಂಡು ಮಡಚಿ ಬ್ಯಾಗಿಗೆ ಇಟ್ಟುಕೊಂಡಳು.

‘ಐ ಲವ್ ಯೂ’ ಬೇಡ. ಆ ಮಾತು ಬರೆಯಲು ಯಾರಿಗೂ ಧೈರ್ಯ ಇರಲಿಲ್ಲ, ಬರೆದವರನ್ನು ಯಾರೂ ನಂಬುತ್ತಿರಲಿಲ್ಲ. ‘ನೀವು’ ಅನ್ನುತ್ತಿದ್ದವರು ‘ನೀನು’ ಅಂದ ದಿನ ಯಾವುದು ಅಂತ ಹುಡುಕಿ. ಯಾರು ಮೊದಲು ಅಂದರು? ಇನ್ನೊಬ್ಬರು ಆ ಸಾಲಿಗೆ ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಂಡರು? ಮೀಟರು ಓಡುತ್ತಿದೆ ಅನ್ನುವುದು ನೆನಪಿರಲಿ. ಹುಡುಗಿ ಮನೆಯಿಂದಲೇ ನೆಟ್ ಹಾಕಿದ್ದರೆ ಅಷ್ಟು ಹೊತ್ತೂ ಲ್ಯಾಂಡ್‌ಲೈನ್ ಎಂಗೇಜ್. ದೊಡ್ಡಮ್ಮ ಸಂಜೆಯಿಂದ ಮೂರು ಸಲ ಫೋನು ಮಾಡಿ, ನಾಲ್ಕನೇ ಸಲ ಸೀದಾ ಮನೆಗೇ ಬಂದುಬಿಡುತ್ತಾರೆ.

ಹಾಡಿನ ಸಾಲುಗಳನ್ನು ಹಾಗೇ ಕಾದಂಬರಿಯಲ್ಲಿ ಇಳಿಸಬೇಡಿ. ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಅವರ ಕಡೆಯವರದ್ದು, ಒಪ್ಪಿಗೆ ಬೇಕು. ಅದೂ ಅಲ್ಲದೆ ಸಾಲು ಕೊಟ್ಟರೆ ಓದುಗರು ತಮ್ಮ ನೆನಪಿಗೆ ಹೋಗಿಬಿಡುತ್ತಾರೆ, ನಿಮ್ಮ ಹುಡುಗ ಅಲ್ಲೇ ನಿಂತಿರುತ್ತಾನೆ. ಎಸ್‌ಪಿಬಿ ಉಸಿರು ಎಲ್ಲಿ ತೆಗೆದುಕೊಂಡರು, ಟೇಪು ಎಲ್ಲಿ ಎಳೆದಾಡಿತು, ಯಾವ ಚರಣ ಬರುವಾಗ ಅಪ್ಪ ಸ್ಕೂಟರ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು, ಅದನ್ನು ಬರೆಯಿರಿ. ಹಾಗೆಯೇ ಈಗ ನಿಮಗೆ ಇಷ್ಟವಾದ ಹಾಡನ್ನು ಅವರ ಬಾಯಲ್ಲಿ ಇಡಬೇಡಿ. ನಮ್ಮಲ್ಲಿಗೆ ಬರುತ್ತಿದ್ದ ಪಟ್ಟಿಗಳಲ್ಲಿ ಹಂಸಲೇಖ, ಅಶ್ವತ್ಥ್ ಹಾಡಿದ ಶರೀಫರ ಪದ, ಹಿಂದಿ ಪಾಪ್, ಒಂದು ಸುಪ್ರಭಾತ ಎಲ್ಲ ಒಂದೇ ಹಾಳೆಯಲ್ಲಿ ಇರುತ್ತಿದ್ದವು. ಸುಪ್ರಭಾತ ಮನೆಯವರಿಗೆ ತೋರಿಸಲು.

ಮುಗಿದ ಮೇಲೆ ಆ ಕಾಲದಲ್ಲಿ ಅಲ್ಲೇ ಇದ್ದ ಒಬ್ಬರಿಗೆ ಓದಲು ಕೊಡಿ. ಸಾಹಿತ್ಯ ಗೊತ್ತಿರುವವರು ಬೇಡ, ಲೆಕ್ಕ ಗೊತ್ತಿರುವವರು ಬೇಕು. ನಾನು ಮಾವನಿಗೆ ಕೊಟ್ಟೆ. ಅವರಿಗೀಗ ಎಪ್ಪತ್ತೆರಡು. ಎರಡು ವಾರ ಇಟ್ಟುಕೊಂಡು ಓದಿದರು. ಅಲ್ಲಲ್ಲಿ ಪೆನ್ಸಿಲಿನಲ್ಲಿ ರೇಟು ತಿದ್ದಿದ್ದರು.

“ಎಲ್ಲ ಸರಿಯಾಗಿದೆ ಪುಟ್ಟಿ,” ಅಂದರು. “ಒಂದೇ ಒಂದು ತಪ್ಪು. ಆ ಹುಡುಗ ಮೂರನೇ ಮೆಷಿನ್ನಲ್ಲಿ ಕೂರ್ತಿದ್ದ ಅಂತ ಬರೆದಿದ್ದೀಯ. ಮೂರರಲ್ಲಿ ಫ್ಲಾಪಿ ಡ್ರೈವ್ ಕೆಟ್ಟಿತ್ತು. ಅವನು ಕೂರ್ತಿದ್ದದ್ದು ನಾಲ್ಕರಲ್ಲಿ. ಅಲ್ಲಿಂದ ನಿನ್ನ ಕೌಂಟರ್ ಕಾಣ್ತಿತ್ತು.”

ನಾನು ಏನೂ ಹೇಳಲಿಲ್ಲ. ಮನೆಗೆ ಬಂದು, ಮೂರು ಇದ್ದ ಕಡೆಯೆಲ್ಲ ನಾಲ್ಕು ಅಂತ ತಿದ್ದಿದೆ.