ಡ್ಯೂರಾ ತೆರೆಯುವ ಮೊದಲು: ಶೇಕಡಾ 3ರ ಸಲೈನ್ ಕುರಿತು ನನ್ನ ಅನುಭವ

ಬೆಂಗಳೂರಿನಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಗಳಿಗೆ ಅರಿವಳಿಕೆ ನೀಡುವುದು ನನ್ನ ಕೆಲಸ. ತಲೆಬುರುಡೆ ತೆರೆದಾಗ ಮೆದುಳು ಉಬ್ಬಿ ಹೊರಚಾಚದಂತೆ ನೋಡಿಕೊಳ್ಳುವ ಹೊಣೆಯಲ್ಲಿ ನಮ್ಮದು ದೊಡ್ಡ ಪಾಲು. ಅದಕ್ಕಾಗಿ ನಾನು ಹಲವು ವರ್ಷ ಮೆದುಳಿನಿಂದ ನೀರು ಸೆಳೆಯುವ ಶೇಕಡಾ 20ರ ಮ್ಯಾನಿಟಾಲ್ ದ್ರಾವಣ ಒಂದನ್ನೇ ನೆಚ್ಚಿಕೊಂಡಿದ್ದೆ. ಡಿಸೆಂಬರ್ ಚಳಿಯ ಬೆಳಗುಗಳಲ್ಲಿ ಆ ಬಾಟಲಿಯ ತಳದಲ್ಲಿ ಹರಳು ಕಟ್ಟಿರುತ್ತಿತ್ತು. ಬಿಸಿನೀರಿನಲ್ಲಿಟ್ಟು, ಹರಳು ಪೂರ್ತಿ ಕರಗಿ, ಬಾಟಲಿ ಮೈಶಾಖಕ್ಕೆ ಇಳಿದ ಮೇಲೆಯೇ ಹಾಕುತ್ತಿದ್ದೆವು. ಆದರೆ ನಾನು ಗಾಢ ಉಪ್ಪುನೀರಿನತ್ತ, ಅಂದರೆ ಶೇಕಡಾ 3ರ ಸಲೈನ್‌ನತ್ತ, ಹೊರಳಿದ್ದು ರಕ್ತದೊತ್ತಡದ ಕಾರಣಕ್ಕೆ.

ಒಂದು ರಾತ್ರಿ ಬೈಕಿನಿಂದ ಬಿದ್ದ ಯುವಕನೊಬ್ಬನನ್ನು ಓಟಿಗೆ ತಂದರು. ಮೆದುಳಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು, ತೊಡೆಯ ಮೂಳೆಯೂ ಮುರಿದಿತ್ತು. ರಕ್ತ ಕೊಡುತ್ತಿದ್ದರೂ ಮೇಲಿನ ಬಿಪಿ 90 ದಾಟುತ್ತಿರಲಿಲ್ಲ. ಮ್ಯಾನಿಟಾಲ್ ನೀರನ್ನು ಮೆದುಳಿನಿಂದ ಸೆಳೆಯುತ್ತದೆ ನಿಜ, ಆದರೆ ಆ ನೀರು ಮೂತ್ರವಾಗಿ ಹರಿದುಹೋಗುತ್ತದೆ. ಬಿಪಿ ಇನ್ನೂ ಕುಸಿದರೆ, ಪೆಟ್ಟಾದ ಮೆದುಳಿಗೆ ರಕ್ತವೇ ಸಾಲದಾಗುತ್ತದೆ. ಸರ್ಜನ್ ಬೆರಳಿನಿಂದ ಡ್ಯೂರಾ (ಮೆದುಳನ್ನು ಸುತ್ತಿರುವ ಗಟ್ಟಿ ಹೊರಪೊರೆ) ಒತ್ತಿ ನೋಡಿ, “ಮೇಡಂ, ಕಲ್ಲಿನ ಹಾಗಿದೆ, ಈಗಲೇ ಕತ್ತರಿಸೋಕೆ ಆಗಲ್ಲ” ಎಂದರು. ಇವೂ ಮೆದುಳನ್ನು ಉಬ್ಬಿಸಬಲ್ಲವಾದ್ದರಿಂದ, ಕುತ್ತಿಗೆ ತಿರುಚಿಕೊಂಡಿಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ಸುಮಾರು 60 ಕಿಲೋ ತೂಕದ ಆತನಿಗೆ ಕಿಲೋಗೆ 5 ಮಿಲಿಯ ಲೆಕ್ಕದಲ್ಲಿ ಶೇಕಡಾ 3ರ ಸಲೈನ್‌ನ 100 ಮಿಲಿಯ ಮೂರು ಬಾಟಲಿಗಳನ್ನು 20 ನಿಮಿಷಗಳಲ್ಲಿ ಕೊಟ್ಟೆ. ಮೂರನೆಯದು ಮುಗಿಯುವ ಹೊತ್ತಿಗೆ ಡ್ಯೂರಾ ನಾಡಿಯ ಜೊತೆಗೆ ಮಿಡಿಯತೊಡಗಿತ್ತು. ಬಿಪಿ 100 ದಾಟಿತ್ತು. ರಕ್ತದ ಸೋಡಿಯಂ ಲೀಟರಿಗೆ 138 ಮಿಲಿಮೋಲ್‌ನಿಂದ 143ಕ್ಕೆ ಏರಿತ್ತು. ಕಿಲೋಗೆ 1 ಮಿಲಿ ಕೊಟ್ಟರೆ ಸೋಡಿಯಂ ಸರಿಸುಮಾರು 1ರಷ್ಟು ಏರುತ್ತದೆ ಎಂಬ ನಮ್ಮ ವಾಡಿಕೆಯ ಲೆಕ್ಕಕ್ಕೆ ಅದು ಹೊಂದುತ್ತಿತ್ತು.

ರೋಗಿಯ ಮನೆಯವರು ಕೇಳಿದಾಗ, ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಅದು ನೀರು ಬಿಟ್ಟಿರುವುದನ್ನು ನೆನಪಿಸುತ್ತೇನೆ. ಸಾಧಾರಣ ಸಲೈನ್‌ನ ಒಂದು ಲೀಟರಿನಲ್ಲಿ ಸೋಡಿಯಂ 154 ಮಿಲಿಮೋಲ್ ಇದ್ದರೆ ಶೇಕಡಾ 3ರ ಸಲೈನ್‌ನಲ್ಲಿ 513 ಇರುತ್ತದೆ; ಸೆಳೆದ ನೀರು ಹೆಚ್ಚು ಹೊತ್ತು ರಕ್ತನಾಳದಲ್ಲೇ ಉಳಿಯುತ್ತದೆ. ಗಾಢ ಉಪ್ಪುನೀರು ಮೆದುಳನ್ನು ಕುಗ್ಗಿಸುತ್ತದೆ ಎಂಬುದನ್ನು 1919ರಲ್ಲೇ ಬೆಕ್ಕುಗಳ ಮೇಲಿನ ಪ್ರಯೋಗದಲ್ಲಿ ಕಂಡುಕೊಂಡಿದ್ದರು. ಹಾಗೆಂದು ಇದು ರಾಮಬಾಣವಲ್ಲ: ತಲೆಗೆ ತೀವ್ರ ಪೆಟ್ಟಾದವರಿಗೆ ಆಸ್ಪತ್ರೆ ತಲುಪುವ ಮೊದಲೇ ಶೇಕಡಾ 7.5ರ ಸಲೈನ್ ಕೊಟ್ಟು ನೋಡಿದ, 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆರು ತಿಂಗಳ ನಂತರದ ಸ್ಥಿತಿ ಉತ್ತಮಗೊಂಡಿರಲಿಲ್ಲ. ಆದ್ದರಿಂದ ಸೋರಿಹೋದ ರಕ್ತಕ್ಕೆ ಬದಲಾಗಿ ನಾನು ಇದನ್ನು ಎಂದೂ ಬಳಸುವುದಿಲ್ಲ.

ನನಗೆ ನಿಜವಾದ ಭಯವಿರುವುದು ಮೊದಲೇ ಸೋಡಿಯಂ ಕಡಿಮೆಯಿರುವವರ ವಿಷಯದಲ್ಲಿ. ಬಿಪಿಗೆಂದು ನೀರಿಳಿಸುವ ಮಾತ್ರೆ ನುಂಗುತ್ತಿದ್ದ ವೃದ್ಧೆಯೊಬ್ಬರಿಗೆ ಮೆದುಳಿನ ಗಡ್ಡೆ ತೆಗೆಯಬೇಕಿತ್ತು. ಅವರ ಸೋಡಿಯಂ 121 ಇತ್ತು. ಬಹುದಿನಗಳಿಂದ ಹೀಗೆ ಇಳಿದಿರುವುದನ್ನು ಒಮ್ಮೆಲೇ ಏರಿಸಿದರೆ ಮೆದುಳುಕಾಂಡದ ನರಗಳ ಹೊದಿಕೆಯೇ ಹಾಳಾಗಬಹುದು, ಆ ಹಾನಿ ಸರಿಹೋಗದೆಯೂ ಉಳಿಯಬಹುದು. ಆ ಗಡ್ಡೆಗೆ ಆತುರವಿರಲಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಮಾತ್ರೆ ನಿಲ್ಲಿಸಿ, 24 ಗಂಟೆಗಳಲ್ಲಿ 8ಕ್ಕಿಂತ ಹೆಚ್ಚು ಏರದಂತೆ ನಾಲ್ಕು ದಿನ ಕಾದೆವು.

ಮತ್ತೊಂದು ಪಾಠ ಕಲಿತದ್ದು ಹಿಂದೆ ನಾನಿದ್ದ ಆಸ್ಪತ್ರೆಯೊಂದರಲ್ಲಿ. ಶೇಕಡಾ 3ರ ಬಾಟಲಿಯೊಂದು ಸಾಧಾರಣ ಸಲೈನ್‌ಗಳ ನಡುವೆ ಸೇರಿಕೊಂಡು ಡ್ರಿಪ್ ಸ್ಟ್ಯಾಂಡಿಗೂ ಏರಿತ್ತು. ಲೇಬಲ್ ಓದಿದ ಸಿಸ್ಟರ್ ಒಬ್ಬರಿಂದಾಗಿ ಅದು ಹನಿಯುವ ಮೊದಲೇ ಇಳಿಯಿತು. ಅಂದಿನಿಂದ ನಾನು ಈ ಬಾಟಲಿಗಳಿಗೆ ಕೆಂಪು ಟೇಪ್ ಸುತ್ತಿಸಿ, ಬೇರೆಯೇ ಡ್ರಾಯರಿನಲ್ಲಿ ಇಡಿಸುತ್ತೇನೆ. ಐಸಿಯುಗೆ ರೋಗಿಯನ್ನು ಒಪ್ಪಿಸುವಾಗ ಎಷ್ಟು ಮಿಲಿ ಕೊಟ್ಟೆ, ಕೊನೆಯ ಸೋಡಿಯಂ ಮತ್ತು ಕ್ಲೋರೈಡ್ ಎಷ್ಟಿತ್ತು, ಮುಂದಿನ ಪರೀಕ್ಷೆ ಎಷ್ಟು ಗಂಟೆಗೆ ಎಂಬುದನ್ನು ಚಾರ್ಟಿನ ಮೊದಲ ಸಾಲಿನಲ್ಲಿ ನಾನೇ ಬರೆಯುತ್ತೇನೆ.