ಶನಿವಾರ, ರವಿವಾರ: ಊರಿನಲ್ಲೇ ರಕ್ಷಣಾ ತರಬೇತಿ ನಡೆಸುವುದು ಹೇಗೆ

ಅಗ್ನಿಶಾಮಕ ಇಲಾಖೆಯಲ್ಲಿ 31 ವರ್ಷ ದುಡಿದು, ಪ್ರಮುಖ ಅಗ್ನಿಶಾಮಕನಾಗಿ ನಿವೃತ್ತನಾದವನು ನಾನು. ಮನೆ ಕುಮಟಾ ಹತ್ತಿರ, ಹೆಂಡತಿಯ ತವರು ಶಿರಸಿ ಕಡೆ. ಹಾಗಾಗಿ ಘಟ್ಟದ ಮೇಲೂ ಕೆಳಗೂ ಓಡಾಟ ಇದ್ದೇ ಇದೆ. ಈಗ ಯುವಕ ಸಂಘದವರೋ ಮೀನುಗಾರರ ಸಂಘದವರೋ ಕರೆದರೆ ಹೋಗಿ ಎರಡು ದಿನದ ತರಬೇತಿ ನಡೆಸಿಕೊಡುತ್ತೇನೆ. "ನಮ್ಮೂರಲ್ಲೂ ಮಾಡ್ಬೇಕು, ಹೇಗೆ ಶುರು ಮಾಡೋದು?" ಎಂದು ತುಂಬ ಜನ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಘಟ್ಟದ ಮೇಲೆ ಮನೆಗಳು ಗುಂಪಾಗಿಲ್ಲ, ತೋಟಕ್ಕೊಂದು ಮನೆ. ಸ್ಟೇಷನ್‌ನಿಂದ ಗಾಡಿ ಎಷ್ಟೇ ಬೇಗ ಹೊರಟರೂ ಘಟ್ಟದ ತಿರುವುಗಳನ್ನು ದಾಟಿಯೇ ಬರಬೇಕು. ಪೆಟ್ಟು ಜೋರಾಗಿದ್ದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾಕ್ಕೆ ಓಡುವುದು ನಮಗೆ ಹೊಸದಲ್ಲ. ಅಂದ ಮೇಲೆ ಮೊದಲ ಅರ್ಧ ಗಂಟೆ ಪಕ್ಕದ ಮನೆಯವರ ಕೈಯಲ್ಲೇ ಇರುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ದಡಕ್ಕೆ ತರುವಲ್ಲಿ ಅಲ್ಲಿನ ಮೀನುಗಾರರೂ ಇದ್ದರು. ಅವರಿಗೆ ನೀರು ಗೊತ್ತಿತ್ತು, ದೋಣಿ ಗೊತ್ತಿತ್ತು, ಕೈ ಪಳಗಿತ್ತು.

ಈ ಕೈ ಪಳಗುವ ಮಾತನ್ನೇ ನಾನು ಒತ್ತಿ ಹೇಳಬೇಕು. ಮೊದಮೊದಲು ನಾನೂ ದಿನವಿಡೀ ಮಾತಾಡುತ್ತಿದ್ದೆ. ಒಂದು ಊರಿನಲ್ಲಿ "ಈಜು ಬಂದರೂ ಮುಳುಗುತ್ತಿರುವವರ ಹತ್ತಿರ ಹಾರಬೇಡಿ" ಎಂದು ಹತ್ತು ಸಲ ಹೇಳಿದ್ದೆ. ಮರುವರ್ಷ ಅದೇ ಊರಿನ ಹೊಳೆಯಲ್ಲಿ ಒಬ್ಬ ಹುಡುಗ ಜಾರಿದ. ನನ್ನ ಮಾತು ಕೇಳಿದ್ದ ಇನ್ನೊಬ್ಬ ಹಾರಿದ. ಇಬ್ಬರೂ ಉಳಿಯಲಿಲ್ಲ. ದಡದ ಮೇಲೆ ದನ ಕಟ್ಟುವ ಹಗ್ಗ ಬಿದ್ದಿತ್ತು. ಅವನು ನನ್ನ ಮಾತು ಕೇಳಿದ್ದ, ಆದರೆ ಒಂದು ಸಲವೂ ಹಗ್ಗ ಎಸೆದಿರಲಿಲ್ಲ. ಆವತ್ತಿನಿಂದ ನನ್ನ ತರಬೇತಿಯಲ್ಲಿ ಮಾತು ಕಡಿಮೆ. ಆರು ಕೆಲಸ ಮಾತ್ರ ಕಲಿಸುತ್ತೇನೆ: ಫೋನ್ ಮಾಡುವುದು, ಬೆಂಕಿ, ಉಸಿರು ನಿಂತವರ ಎದೆ ಒತ್ತುವುದು (ಸಿಪಿಆರ್), ಹಗ್ಗ ಎಸೆಯುವುದು, ಪೆಟ್ಟಾದವರನ್ನು ಹೊರುವುದು, ಕುಸಿಯುವ ಗುಡ್ಡದಿಂದ ದೂರ ಸರಿಯುವುದು. ಪ್ರತಿಯೊಂದನ್ನೂ ಪ್ರತಿಯೊಬ್ಬರೂ ಕೈಯಾರೆ ಮಾಡಬೇಕು. ಒಮ್ಮೆ ಅಲ್ಲ, ಐದಾರು ಸಲ.

ಮೊದಲು ದಿನ ಗೊತ್ತು ಮಾಡಿ

ತರಬೇತಿ ಕೆಡುವುದು ಹೆಚ್ಚಾಗಿ ಇಲ್ಲೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲಿನ ಹೊತ್ತಿಗೆ ಇಟ್ಟರೆ ಯಾರೂ ಬರುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮದುವೆ ಮುಹೂರ್ತ ನೋಡಿಕೊಂಡು, ಖಾಲಿ ಇರುವ ವಾರ ಹಿಡಿಯಿರಿ. ಮಳೆ ಬೀಳುವ ಮುಂಚೆ ಮುಗಿಯಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ಮೀನುಗಾರರು ಬಲೆ ಸರಿಮಾಡುತ್ತ ಮನೆಯಲ್ಲೇ ಇರುತ್ತಾರೆ. ಜೂನ್ ಮೊದಲ ವಾರ ಅವರಿಗೆ ಸರಿಹೋಗುತ್ತದೆ. ಕಾಡಿನ ಬೆಂಕಿಯ ಬಗ್ಗೆ ಕಲಿಸಬೇಕಿದ್ದರೆ ಜನವರಿಯಲ್ಲಿ, ಬೆಟ್ಟದ ದರಕು (ಉದುರಿದ ಎಲೆ) ಒಣಗುವ ಮುಂಚೆ.

ಇನ್ನೊಂದು ಒಳ್ಳೆಯ ಸಮಯ ಏಪ್ರಿಲ್ 14ರಿಂದ 20. ಅದು ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕೀನ್ ಹಡಗು ಸ್ಫೋಟಿಸಿದಾಗ ಬೆಂಕಿ ಆರಿಸಲು ಹೋಗಿ ಪ್ರಾಣ ಕೊಟ್ಟ ಅಗ್ನಿಶಾಮಕರ ನೆನಪಿಗೆ ಅದನ್ನು ಆಚರಿಸುತ್ತಾರೆ. ಆ ವಾರ ಸ್ಟೇಷನ್‌ನವರು ಹೇಗೂ ಪ್ರಾತ್ಯಕ್ಷಿಕೆ ಕೊಡುತ್ತಿರುತ್ತಾರೆ.

ತಿಂಗಳು ಮುಂಚೆಯೇ ತಾಲ್ಲೂಕಿನ ಅಗ್ನಿಶಾಮಕ ಠಾಣಾಧಿಕಾರಿಗೆ ಅರ್ಜಿ ಕೊಡಿ. ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಒಂದೊಂದು ಪ್ರತಿ ಕೊಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸ್ ಬರಲಿ ಎಂದು ಕೇಳಿಕೊಳ್ಳಿ. ಒಂದು ವಿಷಯ ತಿಳಿದಿರಲಿ. ತರಬೇತಿಯ ನಡುವೆ ಕರೆ ಬಂದರೆ ಗಾಡಿ ಹೊರಟುಬಿಡುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಆ ಹೊತ್ತಿಗೆ ಗಂಟು ಹಾಕುವುದು, ರೋಗಿ ಹೊರುವುದು ಇಟ್ಟುಕೊಳ್ಳಿ. ಅದಕ್ಕೆ ಗಾಡಿ ಬೇಡ.

24 ಜನಕ್ಕಿಂತ ಜಾಸ್ತಿ ಬೇಡ. ಆರಾರು ಜನರ ನಾಲ್ಕು ಗುಂಪು ಮಾಡಿ. ಹೆಂಗಸರು ಅರ್ಧದಷ್ಟಾದರೂ ಇರಲಿ. ಹಗಲು ಹೊತ್ತು ಊರಿನಲ್ಲಿ ಇರುವವರು ಅವರೇ, ಅಡುಗೆಮನೆಯ ಗ್ಯಾಸ್ ಹತ್ತಿರ ಇರುವವರೂ ಅವರೇ ಜಾಸ್ತಿ. ಹತ್ತಿ ಬಟ್ಟೆ, ಕಾಲಿಗೆ ಶೂ. ನೈಲಾನ್ ಬಟ್ಟೆ ಹಾಕಿ ಬಂದವರನ್ನು ಬೆಂಕಿಯ ಹತ್ತಿರ ಬಿಡಬೇಡಿ. ಮುರುಗಲು ಪಾನಕ, ಮಜ್ಜಿಗೆ ಧಾರಾಳವಾಗಿರಲಿ. ಮೇ ತಿಂಗಳ ಸೆಕೆಯಲ್ಲಿ ತಲೆ ತಿರುಗಿ ಬಿದ್ದವರನ್ನು ನೋಡಿದ್ದೇನೆ.

ಶನಿವಾರ

ಬೆಳಿಗ್ಗೆ ಮೊದಲ ಒಂದು ಗಂಟೆ ಫೋನ್‌ಗೇ ಕೊಡುತ್ತೇನೆ. "ಫೋನ್ ಮಾಡೋದನ್ನೂ ಕಲಿಸ್ಬೇಕಾ?" ಎಂದು ಕೇಳುತ್ತಾರೆ. ಖಂಡಿತ ಕಲಿಸಬೇಕು. ನಾನು ಕಂಟ್ರೋಲ್ ರೂಮಿನವನಂತೆ ಕೂರುತ್ತೇನೆ, ಒಬ್ಬೊಬ್ಬರೂ ನನಗೆ ಕರೆ ಮಾಡಬೇಕು. ಹತ್ತರಲ್ಲಿ ಎಂಟು ಜನ ಏನಾಯಿತು ಎಂದು ಹೇಳುತ್ತಾರೆ, ಎಲ್ಲಿ ಎಂದು ಹೇಳುವುದಿಲ್ಲ. ಮೊದಲು ಜಾಗ ಹೇಳಿ: ತಾಲ್ಲೂಕು, ಊರು, ಮುಖ್ಯರಸ್ತೆಯ ಯಾವ ಕ್ರಾಸ್. ಆಮೇಲೆ ಏನಾಯಿತು, ಎಷ್ಟು ಜನ. ಅವರು ಇಡುವವರೆಗೆ ಫೋನ್ ಇಡಬೇಡಿ. 112ಕ್ಕೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರೂ ಸಿಗುತ್ತವೆ. 101 ಅಗ್ನಿಶಾಮಕ, 108 ಆಂಬುಲೆನ್ಸ್, 1077 ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿ. ಗ್ಯಾಸ್ ಸೋರಿಕೆಗೆ 1906. ಊರಿನಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ಸೇರಿ ಗುರುತು ಮಾಡಿ. ಕರೆ ಮಾಡಿದ ಮೇಲೆ ಒಬ್ಬರು ಬೈಕ್ ಹತ್ತಿ ಕ್ರಾಸಿನಲ್ಲಿ ಹೋಗಿ ನಿಲ್ಲಬೇಕು. ತೋಟದ ದಾರಿಯಲ್ಲಿ ಗಾಡಿ ತಪ್ಪಿ ಹೋದರೆ ಹತ್ತು ನಿಮಿಷ ಹೋಯಿತೆಂದೇ ಲೆಕ್ಕ.

ಗಾಡಿ ಬಂದಾಗ ಅದನ್ನು ಊರೊಳಗೆ ಓಡಿಸಿ ನೋಡಿ. ಸಾಮಾನ್ಯವಾಗಿ ನೀರಿನ ಗಾಡಿಯಲ್ಲಿ ಇರುವುದು 4500 ಲೀಟರ್ ಆಸುಪಾಸು. ಒಂದೇ ಹೋಸ್ ಬಿಟ್ಟರೂ ಹತ್ತು-ಹದಿನೈದು ನಿಮಿಷದಲ್ಲಿ ಖಾಲಿ. ಮತ್ತೆ ತುಂಬಲು ಯಾವ ಕೆರೆ, ಯಾವ ಹೊಂಡ? ಅಲ್ಲಿಯವರೆಗೆ ಗಾಡಿ ಹೋಗುತ್ತದೆಯೇ? ಮೋರಿ ಆ ಭಾರ ತಡೆಯುತ್ತದೆಯೇ? ಒಂದು ಊರಿನಲ್ಲಿ ಹಲಸಿನ ಮರದ ಒಂದೇ ಕೊಂಬೆ ದಾರಿಗೆ ಅಡ್ಡ ಇತ್ತು. ಅವತ್ತೇ ಕಡಿದರು.

ಬೆಂಕಿಯ ಪಾಠ ಸ್ಟೇಷನ್‌ನವರು ಪಕ್ಕದಲ್ಲಿದ್ದರೆ ಮಾತ್ರ. ಸಿಲಿಂಡರ್ ಬಾಯಿಯ ಬೆಂಕಿಯನ್ನು ಒದ್ದೆ ಗೋಣಿಯಿಂದ ಮುಚ್ಚಿ ಆರಿಸುವುದನ್ನು ಅವರು ತೋರಿಸುತ್ತಾರೆ. ಭಯ ಬಿಡಲು ಅದು ಒಳ್ಳೆಯದು. ಆದರೆ ಮನೆಯಲ್ಲಿ ಬರೀ ವಾಸನೆ ಬಂದಾಗ ಏನು ಮಾಡಬೇಕು ಎಂಬುದು ಅದಕ್ಕಿಂತ ಮುಖ್ಯ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರಗೆ ಬನ್ನಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ, ತಟ್ಟೆ ಮುಚ್ಚಿ. ನೀರು ಹಾಕಿದರೆ ಉರಿ ಮನೆಯ ಮಾಡಿಗೆ ಹಾರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಹಿಡಿಯುವ ಕ್ರಮ ಸುಲಭ: ಪಿನ್ ಕೀಳಿ, ಉರಿಯ ಬುಡಕ್ಕೆ ಹಿಡಿಯಿರಿ, ಒತ್ತಿ, ಅತ್ತಿತ್ತ ಆಡಿಸಿ. ಅದು ಸಣ್ಣ ಬೆಂಕಿಗೆ ಮಾತ್ರ. ಕೆಲವೇ ಸೆಕೆಂಡುಗಳಲ್ಲಿ ಪುಡಿ ಮುಗಿಯುತ್ತದೆ. ಬೆನ್ನ ಹಿಂದೆ ಯಾವಾಗಲೂ ಬಾಗಿಲಿರಲಿ.

ಹೆದ್ದಾರಿ 66ರ ಬದಿಯ ಊರಿನವರಿಗೆ ಒಂದು ಮಾತು ಜಾಸ್ತಿ ಹೇಳುತ್ತೇನೆ. 2015ರಲ್ಲಿ ನಮ್ಮ ತಾಲ್ಲೂಕಿನ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿದ್ದು ನೆನಪಿದೆ ಅಲ್ವಾ? ಟ್ಯಾಂಕರ್ ಉರುಳಿದರೆ ನೋಡಲು ಹೋಗಬೇಡಿ. ಗಾಳಿ ಎತ್ತ ಬೀಸುತ್ತಿದೆ ನೋಡಿ, ಅದಕ್ಕೆ ಎದುರಾಗಿ, ಎತ್ತರದ ಕಡೆಗೆ ಜನರನ್ನು ಸಾಗಿಸಿ. ಒಲೆ, ಬೀಡಿ, ಬೈಕ್ ಎಲ್ಲ ಬಂದ್.

ಮಧ್ಯಾಹ್ನ ಊಟ ಆದ ಮೇಲೆ ಎದೆ ಒತ್ತುವುದು. ಗೊಂಬೆ ಸಿಗದಿದ್ದರೆ ದಿಂಬಿನ ಚೀಲದೊಳಗೆ ಮುಚ್ಚಳ ಹಾಕಿದ ಖಾಲಿ ನೀರಿನ ಬಾಟಲಿ ಇಟ್ಟು ಬಟ್ಟೆ ತುಂಬಿ. ಕಲಿಯಲು ಸಾಕು. ಎದೆಯ ನಡುವೆ, ಮೊಣಕೈ ನೆಟ್ಟಗೆ, 5 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. 30 ಸಲ ಒತ್ತಿ 2 ಸಲ ಉಸಿರು ಕೊಡಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಸುಸ್ತಾದ ಕೈ ಆಳಕ್ಕೆ ಒತ್ತುವುದಿಲ್ಲ. ಅಂಕೋಲಾ ಕಡೆಯ ಒಂದು ಊರಿನಲ್ಲಿ ಸುಗ್ಗಿಗೆ ಗುಮಟೆ ಬಾರಿಸುವ ಹುಡುಗನೊಬ್ಬನಿದ್ದ. ಅವನು ಬಾರಿಸುತ್ತ ಕೂತ, ಉಳಿದವರು ಆ ಪೆಟ್ಟಿಗೆ ಒತ್ತಿದರು. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 110. ಆ ಊರಿನವರು ಆ ವೇಗ ಮರೆತಿಲ್ಲ.

ನೀರಿನಿಂದ ತೆಗೆದವರಿಗೆ ಉಸಿರಿಲ್ಲದಿದ್ದರೆ ಮೊದಲು ಉಸಿರು ಕೊಟ್ಟು, ಆಮೇಲೆ ಎದೆ ಒತ್ತಿ. ಹೊಟ್ಟೆ ಅಮುಕುವುದು, ತಲೆಯ ಮೇಲೆ ಹೊತ್ತು ಗಿರಗಿರ ತಿರುಗಿಸುವುದು ಇನ್ನೂ ನಮ್ಮ ಕಡೆ ಇದೆ. ದಯವಿಟ್ಟು ನಿಲ್ಲಿಸಿ. ಆ ಎರಡು ನಿಮಿಷದಲ್ಲಿ ಜೀವ ಹೋಗುತ್ತದೆ.

ಸಂಜೆ ಹೊಳೆ ದಡ. 20 ಮೀಟರ್ ನೈಲಾನ್ ಹಗ್ಗ, ತುದಿಗೆ 5 ಲೀಟರಿನ ಕ್ಯಾನ್. ಕ್ಯಾನಿನಲ್ಲಿ ಸ್ವಲ್ಪ ನೀರಿರಲಿ, ಇಲ್ಲದಿದ್ದರೆ ಗಾಳಿಗೆ ಎತ್ತಲೋ ಹೋಗುತ್ತದೆ. ಆಳಿನ ತಲೆಯ ಆಚೆ ಬೀಳುವಂತೆ ಎಸೆದು, ಹಗ್ಗ ಅವರ ಕೈಗೆ ಸಿಗುವಂತೆ ಎಳೆಯಿರಿ. ಎಳೆಯುವಾಗ ಕೂತುಕೊಳ್ಳಿ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಪ್ರತಿಯೊಬ್ಬರೂ ಹತ್ತು ಸಲ ಎಸೆಯಬೇಕು. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಗಂಟು ಕಲಿಸಲು ಮೀನುಗಾರರನ್ನೇ ಮುಂದೆ ಬಿಡಿ, ಬಿಗಿಯಾಗದೆ ನಿಲ್ಲುವ ಕುಣಿಕೆ ಅವರಿಗೆ ಕತ್ತಲಲ್ಲೂ ಬರುತ್ತದೆ.

ರವಿವಾರ

ಬೆಳಿಗ್ಗೆ ಆರು ಗಂಟೆಗೆ, ಚಾ ಕುಡಿಯುವ ಮುಂಚೆ ಸೀಟಿ ಊದುತ್ತೇನೆ. ಯಾರಿಗೂ ಮೊದಲೇ ಹೇಳಿರುವುದಿಲ್ಲ. ಸಂಕದ (ಹಳ್ಳ ದಾಟುವ ಕಾಲುಸೇತುವೆಯ) ಆಚೆ ತೋಟದಲ್ಲಿ ಒಬ್ಬ ಹುಡುಗ ಮರದಿಂದ ಬಿದ್ದವನಂತೆ ಮಲಗಿರುತ್ತಾನೆ. ಕೊನೆಗೌಡ, ಅಂದರೆ ಅಡಿಕೆ ಕೊನೆ ಕೊಯ್ಯುವವನು, ಮರದಿಂದ ಬೀಳುವುದು ನಮ್ಮಲ್ಲಿ ನಿಜವಾಗಿ ಆಗುವ ಅಪಘಾತ, ಹಾಗಾಗಿ ಇದನ್ನೇ ಆರಿಸಿಕೊಂಡಿದ್ದೇನೆ. 24 ಜನರೂ ಒಟ್ಟಿಗೆ ಓಡುತ್ತಾರೆ. ಯಾರೂ ಫೋನ್ ಮಾಡಿರುವುದಿಲ್ಲ. ನಾಲ್ಕು ಜನ ಕೈಕಾಲು ಹಿಡಿದು ಎತ್ತಿಯೇ ಬಿಡುತ್ತಾರೆ. ಅಲ್ಲಿಗೆ ಸೀಟಿ ಊದಿ ನಿಲ್ಲಿಸುತ್ತೇನೆ.

ಬೈಯಬೇಡಿ. ಏನೇನು ಬಿಟ್ಟುಹೋಯಿತು ಎಂದು ಅವರ ಬಾಯಲ್ಲೇ ಹೇಳಿಸಿ. ಆಮೇಲೆ ಕೆಲಸ ಹಂಚಿ. ಗುಂಪಿಗೊಬ್ಬ ಮುಖ್ಯಸ್ಥ, ಅವನು ಯಾವುದಕ್ಕೂ ಕೈ ಹಾಕಬಾರದು, ನಿಂತು ನೋಡಬೇಕು. ಒಬ್ಬರು ಫೋನ್, ಒಬ್ಬರು ಕ್ರಾಸಿಗೆ, ಇಬ್ಬರು ರೋಗಿಯ ಹತ್ತಿರ, ಉಳಿದವರು ಹಲಗೆ ತರಲು.

ಹಿಂದೆಲ್ಲ ಕಂಬಳಿ ಜೋಳಿಗೆಯಲ್ಲಿ ಹೊತ್ತು ತರುತ್ತಿದ್ದರು. ಜ್ವರದವರಿಗೆ, ಬಾಣಂತಿಗೆ ಅದು ಸರಿ. ಬೆನ್ನಿಗೆ ಪೆಟ್ಟು ಬಿದ್ದವರನ್ನು ಜೋಳಿಗೆಯಲ್ಲಿ ಹಾಕಿದರೆ ಬೆನ್ನು ಬಾಗುತ್ತದೆ, ಜನ್ಮಕ್ಕೆ ಕಾಲು ಹೋಗಬಹುದು. ಬಾಗಿಲ ಹಲಗೆ ಕಳಚಿ ತನ್ನಿ. ಒಬ್ಬರು ತಲೆ-ಕುತ್ತಿಗೆ ಹಿಡಿದು ಎಣಿಸಬೇಕು, ಉಳಿದವರು ಆ ಎಣಿಕೆಗೆ ಒಟ್ಟಿಗೆ ಹೊರಳಿಸಬೇಕು. ಮುರಿದ ಕೈಗೆ ಅಡಿಕೆ ಹಾಳೆಗಿಂತ ಒಳ್ಳೆಯ ಆಸರೆ ಇಲ್ಲ. ನೀರಿನಲ್ಲಿ ನೆನೆಸಿ, ಬಟ್ಟೆ ಸುತ್ತಿ ಕಟ್ಟಿ. ಸಂಕ ದಾಟುವಾಗ ಇಬ್ಬರು ಮಾತ್ರ ಹೊರಬೇಕು, ರೋಗಿಯನ್ನು ಹಲಗೆಗೆ ಕಟ್ಟಿರಬೇಕು. ಖಾಲಿ ಹಲಗೆ ಹೊತ್ತು ಮೊದಲು ನಾಲ್ಕು ಸಲ ದಾಟಿ ನೋಡಿ.

ಆಸ್ಪತ್ರೆಗೆ ಸೇರಿಸಿದರೆ ಕೇಸು ಮೈಮೇಲೆ ಬರುತ್ತದೆ ಎಂಬ ಹೆದರಿಕೆ ಇನ್ನೂ ಇದೆ. ಹಾಗೆ ನೆರವಾದವರನ್ನು ಕಾಪಾಡಲು ಕರ್ನಾಟಕದಲ್ಲಿ 2016ರ ಕಾಯ್ದೆಯೇ ಇದೆ. ಮೋಟಾರು ವಾಹನ ಕಾಯ್ದೆಯ 134ಎ ಕಲಮೂ ಅದನ್ನೇ ಹೇಳುತ್ತದೆ. ಇದನ್ನು ಎಲ್ಲರೆದುರು ಓದಿ ಹೇಳಿ.

ಗುಡ್ಡದ ಪಾಠಕ್ಕೆ ತರಗತಿ ಬೇಡ, ಎದ್ದು ನಡೆಯಿರಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಂಪು ನೀರು, ಮಳೆ ಇದ್ದರೂ ಹಳ್ಳದ ನೀರು ಕಡಿಮೆಯಾಗುವುದು. ಇವು ಕಂಡರೆ ಆ ಕ್ಷಣವೇ ಮನೆ ಬಿಡಬೇಕು. ಧರೆ ಕಡಿದು ಕಟ್ಟಿದ ಮನೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿ, ರಾತ್ರಿ ಯಾರ ಮನೆಗೆ ಹೋಗಿ ಮಲಗುವುದು ಎಂದು ಅಲ್ಲೇ ಮಾತಾಡಿಕೊಳ್ಳಿ. 2021ರಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ್ದೇವೆ. ಒಮ್ಮೆ ಕುಸಿದ ಗುಡ್ಡ ಮತ್ತೆ ಕುಸಿಯಬಹುದು. ಮಣ್ಣಿನಡಿ ಜನ ಇದ್ದಾರೆ ಎಂದು ಗೊತ್ತಿದ್ದರೂ, ಮೇಲೆ ಗುಡ್ಡ ನೋಡುತ್ತ ಸೀಟಿ ಹಿಡಿದು ನಿಂತ ಒಬ್ಬರಿಲ್ಲದೆ ಯಾರೂ ಮಣ್ಣಿಗೆ ಇಳಿಯಬಾರದು. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಆದರೂ ಹೇಳುತ್ತೇನೆ.

ಮಧ್ಯಾಹ್ನ ಮೂರಕ್ಕೆ ಬೆಳಿಗ್ಗಿನ ಅದೇ ಕಸರತ್ತು, ಅದೇ ತೋಟ, ಅದೇ ಹುಡುಗ. ಹೊಸದು ಬೇಡ. ಬೆಳಿಗ್ಗೆ ಗಲಾಟೆ ಮಾಡಿದ್ದ ಜನ ಈಗ ಮಾತಿಲ್ಲದೆ ಕೆಲಸ ಮಾಡುವುದನ್ನು ಅವರೇ ಕಣ್ಣಾರೆ ನೋಡಬೇಕು.

ಮುಗಿದ ಮೇಲೆ

ಪ್ರಮಾಣಪತ್ರ ಕೊಡುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಿ. ಎರಡು ದಿನ ಕಲಿತವರು ಉರಿಯುವ ಮನೆಯೊಳಗೆ ನುಗ್ಗುವಂತಿಲ್ಲ. ನಮ್ಮ ಸಿಬ್ಬಂದಿಗೆ ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಕಲಿಸಿ ಆಮೇಲೆ ಬಿಡುತ್ತಾರೆ. ಮುಂದೆ ಕಲಿಯುವ ಹುಮ್ಮಸ್ಸು ಇರುವವರು ಗೃಹರಕ್ಷಕ ದಳ ಸೇರಬಹುದು. ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರನ್ನು ಸಿದ್ಧಮಾಡುವ ಆಪದ ಮಿತ್ರ ಯೋಜನೆಯ ತರಬೇತಿ 12 ದಿನದ್ದು. ಅದಕ್ಕೆ ಕರೆಯುತ್ತಾರೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಎದೆ ಒತ್ತುವ ಕೈಚಳಕ ಮೂರರಿಂದ ಆರು ತಿಂಗಳಲ್ಲಿ ಮಂಕಾಗುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ರವಿವಾರ ಸಂಜೆ ಎರಡು ತಾಸು ಸೇರಿ. ನಾನಿಲ್ಲದಿದ್ದರೂ ನಡೆಯುತ್ತದೆ.

ಊರಿಗೊಂದು ಪೆಟ್ಟಿಗೆ ಮಾಡಿ: ಕ್ಯಾನ್ ಕಟ್ಟಿದ ಹಗ್ಗ, ಎರಡು ಟಾರ್ಚ್, ಸೀಟಿ, ಕೈಗವಸು, ಬಟ್ಟೆ ಪಟ್ಟಿ, ಗರಗಸ, ಕತ್ತಿ, ನಾಲ್ಕು ಅಡಿಕೆ ಹಾಳೆ. ಹಾಲಿನ ಡೈರಿಯಲ್ಲೋ ಸೊಸೈಟಿಯ ಜಗಲಿಯಲ್ಲೋ ಇಡಿ, ದಿನಾ ಜನ ಹೋಗುವ ಜಾಗ ಆಗಿರಬೇಕು. ಬೀಗ ಹಾಕಬೇಡಿ. ಒಂದೂರಿನಲ್ಲಿ ಬೀಗದ ಕೈ ಇದ್ದವರು ಮದುವೆಗೆ ಹುಬ್ಬಳ್ಳಿಗೆ ಹೋಗಿದ್ದರು, ಬೀಗ ಒಡೆಯುವುದರಲ್ಲಿ ಹೊತ್ತು ಹೋಯಿತು. ತಿಂಗಳ ಮೊದಲ ರವಿವಾರ ಹಗ್ಗ ಹೊರತೆಗೆದು ನೆರಳಲ್ಲಿ ಹರವಿ, ಇಲಿ ಕಡಿದಿದೆಯೇ ಎಂದು ಬೆರಳಾಡಿಸಿ ನೋಡಿ. ಎಳೆ ಬಿಟ್ಟಿದ್ದರೆ ಅವತ್ತೇ ಬದಲಿಸಿ, ಹಳೆಯದನ್ನು ದನ ಕಟ್ಟಲು ಕೊಡಿ.