ಹಳೆ ಕ್ಯಾಮೆರಾ ಮಾರುವ ಮುನ್ನ: ಫ್ಲ್ಯಾಶ್ ಬೆಳಕಿನಲ್ಲಿ ಅದರ ಫೋಟೊ ತೆಗೆಯುವುದು ಹೇಗೆ?

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಈಗಲೂ ಒಂದು ಫಿಲ್ಮ್ ಕ್ಯಾಮೆರಾ ಇದೆ. ಅಗ್ಫಾ ಕ್ಲಿಕ್ 3, ಯಾಶಿಕಾ, ಝೆನಿತ್, ಪೆಂಟಾಕ್ಸ್ ಕೆ1000. ಉಪನಯನ, ಮದುವೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಎಲ್ಲವನ್ನೂ ಕಂಡ ಕ್ಯಾಮೆರಾಗಳು ಇವು. ಫಿಲ್ಮ್‌ನಲ್ಲಿ ಫೋಟೊ ತೆಗೆಯಲು ಕಲಿಯುತ್ತಿರುವ ಹುಡುಗ ಹುಡುಗಿಯರು ಈಗ ಇವನ್ನು ಹುಡುಕುತ್ತಿದ್ದಾರೆ. ಆದರೆ ಮಾರಾಟಕ್ಕೆ ಹಾಕಿದ ಫೋಟೊ ನೋಡಿದರೆ ಬೇಸರವಾಗುತ್ತದೆ. ಹೂವಿನ ಬೆಡ್‌ಶೀಟ್ ಮೇಲೆ ಕ್ಯಾಮೆರಾ. ಮೊಬೈಲಿನ ಫ್ಲ್ಯಾಶ್ ನೇರ ಬಿದ್ದು ಲೆನ್ಸಿನ ನಡುವೆ ಒಂದು ಬಿಳಿ ಚುಕ್ಕೆ. ಕ್ರೋಮ್ ಭಾಗ ಬೆಳ್ಳಗೆ, ಉಳಿದದ್ದು ಕಪ್ಪು ಮುದ್ದೆ. ಕೊಳ್ಳುವವರಿಗೆ ಇದರಲ್ಲಿ ಏನು ಕಾಣಬೇಕು?

ಒಳ್ಳೆಯ ಫೋಟೊಕ್ಕೆ ಸ್ಟುಡಿಯೊ ಬೇಡ. ಪ್ರೊ ಮೋಡ್ (ಸೆಟ್ಟಿಂಗುಗಳನ್ನು ನಾವೇ ಬದಲಿಸುವ ಸೌಲಭ್ಯ) ಇರುವ ಮೊಬೈಲ್, ಒಂದು ಹಳೆ ಫ್ಲ್ಯಾಶ್, ಒಂದು ಬಿಳಿ ಪಂಚೆ, ಕತ್ತಲೆ ಕೋಣೆ ಇದ್ದರೆ ಸಾಕು. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಬೆಳಕಿನಿಂದ ದೋಷ ಮುಚ್ಚಲೂ ಬರುತ್ತದೆ, ತೋರಿಸಲೂ ಬರುತ್ತದೆ. ಮಾರಾಟದ ಫೋಟೊ ತೋರಿಸಬೇಕು. ಹಾಗೆ ತೋರಿಸಿದರೂ ಫೋಟೊ ಚಂದವಾಗಿಯೇ ಬರುತ್ತದೆ.

ಒಳಗೆ ಏನಿದೆ ನೋಡಿ

ಹಿಂದಿನ ಬಾಗಿಲನ್ನು ಥಟ್ಟನೆ ತೆರೆಯಬೇಡಿ. 35 ಎಂಎಂ ಕ್ಯಾಮೆರಾ ಆದರೆ ಮೇಲ್ಗಡೆಯ ರಿವೈಂಡ್ ಹಿಡಿಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸಿ. ಬಿಗಿಯಾದರೆ ಒಳಗೆ ಫಿಲ್ಮ್ ಇದೆ ಎಂದರ್ಥ. ಹೆಚ್ಚಿನ ಕ್ಯಾಮೆರಾಗಳಲ್ಲಿ ತಳದಲ್ಲಿರುವ ಸಣ್ಣ ಗುಂಡಿ ಒತ್ತಿ, ಪೂರ್ತಿ ಸುತ್ತಿ, ಆಮೇಲೆ ತೆರೆಯಿರಿ. ಕ್ಲಿಕ್ 3 ತರಹದ 120 ಫಿಲ್ಮಿನ ಕ್ಯಾಮೆರಾದಲ್ಲಿ ಹಿಂದಕ್ಕೆ ಸುತ್ತುವುದಿಲ್ಲ, ಮುಂದಕ್ಕೇ ಕೊನೆಯವರೆಗೆ ಸುತ್ತಬೇಕು. ಆ ಫಿಲ್ಮ್‌ನಲ್ಲಿ ನಿಮ್ಮ ಮನೆಯವರದೇ ಮುಖ ಇರಬಹುದು. ಅದನ್ನು ಕ್ಯಾಮೆರಾದ ಜೊತೆ ಮಾರಬೇಡಿ.

ಬ್ಯಾಟರಿ ಇದ್ದರೆ ತೆಗೆಯಿರಿ. ಕ್ಯಾಮೆರಾ ಬ್ಯಾಟರಿ ಇಲ್ಲದೆ ನಡೆಯುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ, ಕೊಳ್ಳುವವರು ಕೇಳೇ ಕೇಳುತ್ತಾರೆ. 1976ರಿಂದ 1997ರವರೆಗೆ ತಯಾರಾದ ಕೆ1000ಕ್ಕೆ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ, ಬೆಳಕನ್ನು ಒಳಗೆ ಬಿಡುವ ಶಟರ್ ಹಾಗೆಯೇ ನಡೆಯುತ್ತದೆ. ಯಾಶಿಕಾ ಎಲೆಕ್ಟ್ರೊ 35 ಹಾಗಲ್ಲ. ಬ್ಯಾಟರಿ ಇಲ್ಲದಿದ್ದರೆ ಅದರ ಶಟರ್ 1/500 ಸೆಕೆಂಡಿನ ಒಂದೇ ವೇಗದಲ್ಲಿ ನಡೆಯುತ್ತದೆ.

ಒರೆಸುವಾಗ ಅತಿ ಮಾಡಬೇಡಿ. ಮೆತ್ತನೆಯ ಬ್ರಷ್, ಗಾಳಿ ಊದುವ ರಬ್ಬರ್ ಬುರುಡೆ, ಮೈಕ್ರೋಫೈಬರ್ ಬಟ್ಟೆ ಸಾಕು. ಕ್ರೋಮ್ ಮೇಲಿನ ಬೆರಳಚ್ಚು ಹೋಗಲೇಬೇಕು, ಫ್ಲ್ಯಾಶ್ ಬೆಳಕಿನಲ್ಲಿ ಅದು ಎದ್ದು ಕಾಣುತ್ತದೆ. ಕಪ್ಪು ಬಣ್ಣ ಸವೆದು ಕೆಳಗಿನ ಹಿತ್ತಾಳೆ ಇಣುಕುತ್ತಿದ್ದರೆ ಅದಕ್ಕೆ ಬಣ್ಣ ಬಳಿಯಬೇಡಿ. ಸಂಗ್ರಹ ಮಾಡುವವರು ಅದನ್ನು ಇಷ್ಟಪಡುತ್ತಾರೆ. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪು ಗಾಳಿಯಲ್ಲಿದ್ದ ಕ್ಯಾಮೆರಾ ಆದರೆ ಫ್ಲ್ಯಾಶ್ ಕೂರುವ ಜಾಗದ ಲೋಹದ ಬಿಂದುವನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ.

ಮೊಬೈಲಿಗೂ ಫ್ಲ್ಯಾಶಿಗೂ ಜೋಡಿ ಹಾಕುವುದು

ಹೊರಗಿನ ಫ್ಲ್ಯಾಶ್ ಮೊಬೈಲಿನ ಜೊತೆ ತಾನಾಗಿ ಹೊಂದಿಕೊಳ್ಳುವುದಿಲ್ಲ. ಅದಕ್ಕೆ ಹಳೆಯ ಉಪಾಯವೊಂದಿದೆ. ಕೋಣೆ ಕತ್ತಲೆ ಮಾಡಿ. ಮೊಬೈಲನ್ನು ಟ್ರೈಪಾಡ್‌ಗೆ ಹಾಕಿ, ಇಲ್ಲದಿದ್ದರೆ ಪುಸ್ತಕಗಳ ಮೇಲೆ ಅಲ್ಲಾಡದಂತೆ ಒರಗಿಸಿ. ಪ್ರೊ ಮೋಡ್‌ನಲ್ಲಿ ಐಎಸ್ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ) 50 ಅಥವಾ 100, ಶಟರ್ 4 ಸೆಕೆಂಡ್, ವೈಟ್ ಬ್ಯಾಲೆನ್ಸ್ 5500 ಇಡಿ. ಟಾರ್ಚ್ ಬೆಳಕಿನಲ್ಲಿ ಲೆನ್ಸಿನ ಸುತ್ತಲಿನ ಅಕ್ಷರಗಳಿಗೆ ಫೋಕಸ್ ಮಾಡಿ ಬೀಗ ಹಾಕಿ. 2 ಸೆಕೆಂಡಿನ ಟೈಮರ್ ಇಟ್ಟು ಒತ್ತಿ. ಶಟರ್ ತೆರೆದಿರುವ ಆ 4 ಸೆಕೆಂಡಿನೊಳಗೆ ಫ್ಲ್ಯಾಶಿನ ಟೆಸ್ಟ್ ಗುಂಡಿಯನ್ನು ಕೈಯಿಂದಲೇ ಒತ್ತಿ. ಅಷ್ಟೇ. ಮಳೆಗಾಲದ ಸಂಜೆ ಕರೆಂಟ್ ಹೋದ ಹೊತ್ತು ಈ ಕೆಲಸಕ್ಕೆ ತುಂಬಾ ಒಳ್ಳೆಯದು.

ಒಂದೇ ಫ್ಲ್ಯಾಶಿನಿಂದ ಎರಡು ಮೂರು ದಿಕ್ಕಿನ ಬೆಳಕು ಕೊಡಲು ಸಾಧ್ಯ ಎಂಬುದೇ ಇದರ ದೊಡ್ಡ ಅನುಕೂಲ. ಶಟರ್ ಸಮಯವನ್ನು 15 ಸೆಕೆಂಡಿಗೆ ಏರಿಸಿ. ಮೇಲಿನಿಂದ ಒಮ್ಮೆ ಹೊಡೆಯಿರಿ, ಫ್ಲ್ಯಾಶ್ ಚಾರ್ಜ್ ಆದ ಮೇಲೆ ಹಿಂದಿನಿಂದ ಇನ್ನೊಮ್ಮೆ. ಕಪ್ಪು ಅಂಗಿ ಹಾಕಿಕೊಂಡರೆ ನೀವು ಫೋಟೊದಲ್ಲಿ ಕಾಣುವುದಿಲ್ಲ.

ಬೆಳಕು ಜಾಸ್ತಿ ಆಗುವುದೇ ಇಲ್ಲಿನ ತೊಂದರೆ. ಗೈಡ್ ನಂಬರ್ 28 ಇರುವ ಫ್ಲ್ಯಾಶ್ ಎಂದರೆ ಐಎಸ್ಒ 100ರಲ್ಲಿ, ಲೆನ್ಸಿನ ಬಾಯಿಯನ್ನು ಎಫ್/2.8ಕ್ಕೆ (ಅಂಕೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು) ಇಟ್ಟರೆ 10 ಮೀಟರ್ ದೂರದ ವಸ್ತುವನ್ನು ಬೆಳಗುವಷ್ಟು ಶಕ್ತಿ. ಹೆಚ್ಚಿನ ಮೊಬೈಲುಗಳ ಲೆನ್ಸ್ ಎಫ್/1.8ರ ಆಸುಪಾಸು ಇರುತ್ತದೆ, ಅದನ್ನು ಕಿರಿದು ಮಾಡಲು ಬರುವುದಿಲ್ಲ. ಒಂದು ಮೀಟರ್ ದೂರದಿಂದ ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಫೋಟೊ ಸುಮ್ನೆ ಬಿಳಿ ಆಗುತ್ತದೆ. ಫ್ಲ್ಯಾಶಿನಲ್ಲಿ ಶಕ್ತಿ ಇಳಿಸಲು ಬಂದರೆ 1/64ಕ್ಕೆ ಇಳಿಸಿ. ಬರದಿದ್ದರೆ ಪಂಚೆಯನ್ನು ಮಡಿಸಿ ಅದರ ಮೂಲಕ ಹೊಡೆಯಿರಿ, ಅಥವಾ ದೂರ ಹೋಗಿ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುತ್ತದೆ.

ಡಿಜಿಟಲ್ ಕ್ಯಾಮೆರಾ ಇರುವವರು ಐಎಸ್ಒ 100, ಎಫ್/8, 1/125ರಿಂದ ಶುರು ಮಾಡಿ. ಹಳೆ ಫ್ಲ್ಯಾಶನ್ನು ಅದರ ಮೇಲೆ ನೇರ ಕೂರಿಸಬೇಡಿ. ಕೆಲವು ಹಳೆ ಫ್ಲ್ಯಾಶುಗಳ ತುದಿಯಲ್ಲಿ 200 ವೋಲ್ಟಿಗೂ ಮೇಲೆ ಇರುತ್ತದೆ, ಹೊಸ ಕ್ಯಾಮೆರಾ ಸುಟ್ಟುಹೋಗಬಹುದು. ಫ್ಲ್ಯಾಶ್ ಕೆಟ್ಟಿದ್ದರೆ ಮನೆಯಲ್ಲಿ ಬಿಚ್ಚಲೂಬಾರದು. ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಜೋರಾಗಿ ಶಾಕ್ ಹೊಡೆಯುತ್ತದೆ.

ಮುಖ್ಯ ಫೋಟೊ

ಮೇಜಿನ ಮೇಲೆ ಕರಿ ಕಂಬಳಿ ಹಾಸಿ. ಅದು ಬೆಳಕನ್ನು ಹೀರಿಕೊಳ್ಳುತ್ತದೆ, ಉಣ್ಣೆಯ ನೇಯ್ಗೆಯೂ ಚಂದ ಕಾಣುತ್ತದೆ. ಕಂದು ಬಣ್ಣ ಬೇಕಾದರೆ ಒಣಗಿದ ಅಡಿಕೆ ಹಾಳೆ ಇಡಬಹುದು. ಮೇಜು ಗೋಡೆಯಿಂದ ಎರಡು ಮೀಟರ್ ದೂರ ಇದ್ದರೆ ಹಿನ್ನೆಲೆ ತಾನೇ ಕಪ್ಪಾಗುತ್ತದೆ. ಕಡಲ ತೀರದ ಮರಳಿನ ಮೇಲೆ ಇಟ್ಟು ತೆಗೆಯುವ ಆಸೆ ಹಲವರಿಗೆ ಇರುತ್ತದೆ. ದಯವಿಟ್ಟು ಬೇಡ. ಒಂದು ಮರಳಿನ ಕಣ ಫೋಕಸ್ ಉಂಗುರದೊಳಗೆ ಹೋದರೂ ಸಾಕು, ಕರಕರ ಎನ್ನಲು ಶುರುವಾಗುತ್ತದೆ.

ಬಿಳಿ ಪಂಚೆಯನ್ನು ಎರಡು ಕುರ್ಚಿಗಳ ನಡುವೆ ಕ್ಯಾಮೆರಾದ ಮೇಲೆ, ತುಸು ಹಿಂದಕ್ಕೆ, ಬಿಗಿಯಾಗಿ ಕಟ್ಟಿ. ಫ್ಲ್ಯಾಶನ್ನು ಪಂಚೆಯಿಂದ ಅರ್ಧ ಮೀಟರ್ ಮೇಲೆ ಹಿಡಿದು ಕೆಳಕ್ಕೆ ಹೊಡೆಯಿರಿ. ಕ್ರೋಮ್ ಒಂದು ಕನ್ನಡಿ. ಅದರ ಮೇಲೆ ಬೆಳಕು ಬೀಳುತ್ತದೆ ಎನ್ನುವುದಕ್ಕಿಂತ ಎದುರಿಗಿರುವುದೆಲ್ಲ ಅದರಲ್ಲಿ ಕಾಣುತ್ತದೆ ಎಂದುಕೊಳ್ಳಿ. ಬರೀ ಫ್ಲ್ಯಾಶ್ ಆದರೆ ಒಂದು ಚುಕ್ಕೆ ಕಾಣುತ್ತದೆ. ಪಂಚೆ ಇದ್ದರೆ ಮೇಲ್ಭಾಗ ಪೂರ್ತಿ ನಯವಾದ ಬೆಳ್ಳಿ ಹಾಳೆ ಆಗುತ್ತದೆ. ಲೆನ್ಸಿನಲ್ಲಿ ಒಂದು ತೆಳುವಾದ ಕಮಾನು ಮೂಡಿ, ಕೋಟಿಂಗಿನ ನೇರಳೆ, ಹಳದಿ ಬಣ್ಣ ಹೊರಗೆ ಬರುತ್ತದೆ. ಮುಂದಿನ ಭಾಗ ತೀರಾ ಕಪ್ಪಾದರೆ ಥರ್ಮೋಕೋಲ್ ತುಂಡೊಂದನ್ನು ಮುಂದೆ ಓರೆಯಾಗಿ ನಿಲ್ಲಿಸಿ. ಕ್ರೋಮ್ ಅಂಚು ಹಿನ್ನೆಲೆಯಲ್ಲಿ ಕರಗಿಹೋದರೆ ಪಕ್ಕದಲ್ಲಿ ಬಿಳಿ ಕಾಗದದ ಪಟ್ಟಿ ಇಡಿ.

ನಮ್ಮ ಹೆಂಚಿನ ಮನೆಗಳಲ್ಲಿ ಮೇಲ್ಛಾವಣಿಗೆ ಫ್ಲ್ಯಾಶ್ ಹೊಡೆದು ಬೆಳಕು ತಿರುಗಿಸಲು ಹೋಗಬೇಡಿ. ಹೆಂಚು, ಮರ ಎಲ್ಲ ಸೇರಿ ಬೆಳಕನ್ನು ನುಂಗುತ್ತವೆ, ಉಳಿದದ್ದೂ ಕಂದು ಬಣ್ಣಕ್ಕೆ ತಿರುಗುತ್ತದೆ. ಹಸಿರು, ನೀಲಿ ಗೋಡೆಗಳೂ ಹಾಗೆಯೇ.

ಮೊಬೈಲಿನಲ್ಲಿ ತೀರಾ ಹತ್ತಿರ ಹೋದರೆ ಕ್ಯಾಮೆರಾದ ಆಕಾರ ಉಬ್ಬಿದಂತೆ ಕಾಣುತ್ತದೆ. ಹಿಂದೆ ಸರಿದು 2ಎಕ್ಸ್ ಝೂಮ್ ಬಳಸಿ.

ಹಿಂದಿನಿಂದ ಬರುವ ಬೆಳಕು

ನನಗೆ ಅತಿ ಇಷ್ಟದ ಫೋಟೊ ಇದು. ಹಳೆ ಕ್ಯಾಮೆರಾದ ಹಿಂದಿನ ಬಾಗಿಲು ತೆರೆಯಿರಿ. ಅದರ ಶಟರನ್ನು ಬಿ ಗುರುತಿಗೆ ಇಟ್ಟು, ಕೇಬಲ್ ರಿಲೀಸ್ (ಶಟರ್ ಗುಂಡಿಗೆ ಸಿಕ್ಕಿಸಿ ದೂರದಿಂದ ಒತ್ತುವ ತಂತಿ) ಒತ್ತಿ ಅದರ ತಿರುಪು ಬಿಗಿ ಮಾಡಿ. ಶಟರ್ ತೆರೆದೇ ಇರುತ್ತದೆ. ಬಾಗಿಲಿನ ಹಿಂದೆ ಟ್ರೇಸಿಂಗ್ ಪೇಪರ್ ನಿಲ್ಲಿಸಿ, ಅದರ ಹಿಂದಿನಿಂದ ಫ್ಲ್ಯಾಶ್ ಹೊಡೆಯಿರಿ. ಕತ್ತಲೆಯಲ್ಲಿ ಲೆನ್ಸ್ ಮಾತ್ರ ಒಳಗಿನಿಂದ ದೀಪ ಹಚ್ಚಿದಂತೆ ಬೆಳಗುತ್ತದೆ. ಅಪರ್ಚರನ್ನು, ಎಂದರೆ ಲೆನ್ಸಿನ ಬಾಯಿಯನ್ನು, 8ಕ್ಕೆ ಇಟ್ಟರೆ ಅದನ್ನು ಕಿರಿದು ಮಾಡುವ ತೆಳು ಎಲೆಗಳ ಕೋನಗಳೂ ಸ್ಪಷ್ಟ ಕಾಣುತ್ತವೆ. ನೋಡಿದವರು ಅಲ್ಲೇ ನಿಲ್ಲುತ್ತಾರೆ.

ಈಗ ಟ್ರೇಸಿಂಗ್ ಪೇಪರ್ ತೆಗೆಯಿರಿ. ಹಿಂದೆ ಕಪ್ಪು ಬಟ್ಟೆ ಇಡಿ. ಅಪರ್ಚರ್ ಪೂರ್ತಿ ತೆರೆಯಿರಿ. ಫ್ಲ್ಯಾಶನ್ನು ಹಿಂದೆಯೇ, ಆದರೆ ಒಂದು ಬದಿಗೆ ಸರಿಸಿ ಓರೆಯಾಗಿ ಹೊಡೆಯಿರಿ. ನೇರ ಬೆಳಕು ಮೊಬೈಲಿಗೆ ಬರುವುದಿಲ್ಲ. ಲೆನ್ಸಿನೊಳಗಿನ ಧೂಳು, ಗೀರು, ಫಂಗಸ್ ಮಾತ್ರ ಬೆಳಕು ಹಿಡಿದು ಹೊಳೆಯುತ್ತವೆ. ಫಂಗಸ್ ಇದ್ದರೆ ಜೇಡರ ಬಲೆಯ ಎಳೆಗಳಂತೆ ಕಾಣುತ್ತದೆ. ಮಲೆನಾಡಿನ ಮಳೆ, ಕರಾವಳಿಯ ಸೆಖೆ ಎರಡರಲ್ಲೂ ಲೆನ್ಸಿಗೆ ಫಂಗಸ್ ಹಿಡಿಯುವುದು ಮಾಮೂಲಿ. ಚರ್ಮದ ಚೀಲದೊಳಗೆ ಮುಚ್ಚಿಟ್ಟರೆ ಇನ್ನೂ ಬೇಗ. ಇದ್ದರೆ ಇದೆ ಎಂದು ತೋರಿಸಿ. ದೂರದ ಊರಿನಿಂದ ದುಡ್ಡು ಕಳಿಸುವವರು ನಿಮ್ಮ ಫೋಟೊವನ್ನೇ ನಂಬಿರುತ್ತಾರೆ. ಲೆನ್ಸ್ ಶುಚಿಯಾಗಿದ್ದರೆ ಈ ಫೋಟೊಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ.

ಹಳೆ ಕ್ಯಾಮೆರಾದ ಫ್ಲ್ಯಾಶ್ ಸಂಪರ್ಕ ಸರಿ ಇದೆ ಎಂದೂ ಫೋಟೊದಲ್ಲೇ ತೋರಿಸಬಹುದು. ಕೇಬಲ್ ರಿಲೀಸ್ ಸಡಿಲಿಸಿ, ಶಟರನ್ನು 1/60ಕ್ಕೆ ಇಟ್ಟು, ಫ್ಲ್ಯಾಶಿನ ತಂತಿಯನ್ನು ಆ ಕ್ಯಾಮೆರಾಕ್ಕೇ ಜೋಡಿಸಿ. ತಂತಿ ಸಿಕ್ಕಿಸಲು ಎಕ್ಸ್, ಎಂ ಎರಡು ಗುರುತು ಇದ್ದರೆ ಎಕ್ಸ್ ಆರಿಸಿ. ಎಂ ಇರುವುದು ಹಿಂದಿನ ಕಾಲದ ಫ್ಲ್ಯಾಶ್ ಬಲ್ಬುಗಳಿಗೆ. ಫ್ಲ್ಯಾಶನ್ನು ಪಂಚೆಯ ಮೇಲೆ ಹಿಡಿದುಕೊಳ್ಳಿ. ಮೊಬೈಲಿನ ಶಟರ್ ತೆರೆದಿರುವಾಗ ಹಳೆ ಕ್ಯಾಮೆರಾವನ್ನು ಅಲ್ಲಾಡಿಸದೆ ಕೇಬಲ್ ರಿಲೀಸಿನಿಂದ ಕ್ಲಿಕ್ ಮಾಡಿ. ಅದು ಉರಿಸಿದ ಬೆಳಕಿನಲ್ಲೇ ಅದರ ಫೋಟೊ ಬರುತ್ತದೆ. ಎಂಥ ಚಂದ ಅಲ್ವಾ?

ಚರ್ಮ, ಬಣ್ಣ, ನೆರಳು

ಚರ್ಮದ ಹೊದಿಕೆಯ ಮೇಲಿನ ಸಣ್ಣ ಉಬ್ಬುಗಳು ಕಾಣಬೇಕಾದರೆ ಪಕ್ಕದಿಂದ, ಮೈ ಸವರಿದಂತೆ ಬೆಳಕು ಬರಬೇಕು. ಕಪ್ಪು ಡ್ರಾಯಿಂಗ್ ಪೇಪರನ್ನು ಕೊಳವೆ ಮಾಡಿ ಫ್ಲ್ಯಾಶಿಗೆ ಸುತ್ತಿದರೆ ಬೇಕಾದಲ್ಲಿ ಮಾತ್ರ ಬೆಳಕು ಬೀಳುತ್ತದೆ. ಬೆತ್ತದ ಬುಟ್ಟಿಯ ಮೂಲಕ ಹೊಡೆದರೆ ನೇಯ್ಗೆಯ ನೆರಳು ಹಿಂದಿನ ಗೋಡೆಯ ಮೇಲೆ ಬೀಳುತ್ತದೆ. ಬುಟ್ಟಿ ಗೋಡೆಗೆ ಹತ್ತಿರ, ಫ್ಲ್ಯಾಶ್ ದೂರ ಇದ್ದಷ್ಟೂ ನೆರಳು ಚೂಪು.

ಬಣ್ಣ ಬೇಕಾದರೆ ಜಿಲೆಟಿನ್ ಕಾಗದ ಸಾಕು. ಆದರೆ ಬಣ್ಣ ಹಿನ್ನೆಲೆಗೆ ಮಾತ್ರ ಇರಲಿ. ಕ್ಯಾಮೆರಾದ ಮೈಮೇಲೆ ಬಿದ್ದರೆ ಅದರ ನಿಜವಾದ ಬಣ್ಣ ಯಾವುದು ಎಂದು ಗೊತ್ತಾಗುವುದಿಲ್ಲ.

ಹಾಕುವ ಕ್ರಮ

ಪಂಚೆಯ ಬೆಳಕಿನ ಮುಖ್ಯ ಫೋಟೊ ಮೊದಲು. ಒಳಗಿನಿಂದ ಬೆಳಗುವ ಲೆನ್ಸ್ ಎರಡನೆಯದು. ಫಂಗಸ್ ತೋರಿಸುವ ಫೋಟೊವನ್ನು ಕೊನೆಗೆ ತಳ್ಳದೆ ಮೂರನೆಯದಾಗಿಯೇ ಹಾಕಿ. ಆಮೇಲೆ ಹಿಂಭಾಗ, ತಳ, ಫಿಲ್ಮ್ ಕೂರುವ ಜಾಗ, ಬ್ಯಾಟರಿ ಗೂಡು, ಬಾಗಿಲಿನ ಅಂಚಿನ ಸ್ಪಂಜ್. ಈ ಸ್ಪಂಜ್ ಹಳೆಯದಾದರೆ ಅಂಟಾಗುತ್ತದೆ, ಬೆಳಕು ಒಳಗೆ ಸೋರುತ್ತದೆ, ಆದ್ದರಿಂದ ಹತ್ತಿರದಿಂದ ತೆಗೆಯಿರಿ. ಗೀರುಗಳನ್ನು ಎಡಿಟಿಂಗ್‌ನಲ್ಲಿ ಅಳಿಸಬೇಡಿ. ಕೆಳಗೆ ಬರೆಯುವಾಗ ನೀವೇ ಪರೀಕ್ಷಿಸಿದ್ದನ್ನು ಮಾತ್ರ ಬರೆಯಿರಿ: ಯಾವ ಯಾವ ವೇಗದಲ್ಲಿ ಶಟರ್ ಬಡಿಯುತ್ತದೆ, ಮೀಟರ್ ಮುಳ್ಳು ಅಲ್ಲಾಡುತ್ತದೆಯೇ, ಫ್ಲ್ಯಾಶ್ ಉರಿಯಿತೇ, ಕೊನೆಯ ಸಲ ಫಿಲ್ಮ್ ಹಾಕಿದ್ದು ಯಾವಾಗ.